ಕ್ವಾಲಿಟಿ 23 ಅಂದರೆ ಎಷ್ಟು?

ವಿಡಿಯೊ ಎನ್‌ಕೋಡ್ ಮಾಡುವವರಿಗೆ, ಅಂದರೆ ಅದನ್ನು ಕುಗ್ಗಿಸಿ ಫೈಲ್ ಮಾಡುವವರಿಗೆ, ಈ ಸಂಕಟ ಗೊತ್ತಿರುತ್ತದೆ. ಎಕ್ಸ್264 ಎಂಬ ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ (ಚಿತ್ರದ ಗುಣಮಟ್ಟ ಎಷ್ಟಿರಬೇಕು ಎಂದು ಹೇಳುವ ಸಂಖ್ಯೆ) ಡೀಫಾಲ್ಟ್ 23, ಎಕ್ಸ್265 ಎಂಬ ಇನ್ನೊಂದರಲ್ಲಿ 28. ಎರಡರಲ್ಲೂ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಆದರೆ ಇಲ್ಲಿನ 23 ಅಲ್ಲಿನ 23 ಅಲ್ಲ! ಇನ್ನೊಂದು ಸಾಫ್ಟ್‌ವೇರ್ ತೆರೆದರೆ ಸ್ಲೈಡರ್ ಪೂರ್ತಿ ಉಲ್ಟಾ, ಜಾಸ್ತಿ ಮಾಡಿದಷ್ಟೂ ಒಳ್ಳೆಯದು. ಪಕ್ಕದಲ್ಲೇ ಒಂದು ಸಾಲು ವಿವರಣೆ ಬರೆದಿಡಬಹುದಿತ್ತು, ಅಲ್ವಾ?

ನಿನ್ನೆ ಸಂಜೆಯೆಲ್ಲ ಒಂದೇ ಕ್ಲಿಪ್ ಇಟ್ಟುಕೊಂಡು ಕೂತಿದ್ದೆ. ಬದಲಿಸಿದ್ದು ಪ್ರಿಸೆಟ್ (ಎನ್‌ಕೋಡ್ ಎಷ್ಟು ವೇಗವಾಗಿ ಆಗಬೇಕು ಎಂಬ ಆಯ್ಕೆ) ಮಾತ್ರ, ಸಿಆರ್‌ಎಫ್ ಮುಟ್ಟಲೇ ಇಲ್ಲ. ಆದರೂ ಫೈಲಿನ ಗಾತ್ರ ಬೇರೆ ಬಂತು. ಗಾತ್ರ ಇಷ್ಟೇ ಇರಬೇಕು ಅಂದರೆ ಟೂ-ಪಾಸ್ (ಇಡೀ ವಿಡಿಯೊವನ್ನು ಎರಡು ಸಲ ಓಡಿಸುವುದು) ಮಾಡಬೇಕು, ಅದಕ್ಕೆ ಹೊತ್ತು ಜಾಸ್ತಿ. ಸ್ಥಿರ ಬಿಟ್‌ರೇಟ್ (ಪ್ರತಿ ಸೆಕೆಂಡಿಗೂ ಇಷ್ಟೇ ಬಿಟ್ ಎಂದು) ಕೊಟ್ಟರೆ ಅಲುಗಾಡದ ಗೋಡೆಗೂ ಸುಮ್ನೆ ಬಿಟ್ ಸುರಿಯುತ್ತದೆ. ಮಳೆ, ಅಲುಗುವ ಎಲೆ, ಓಡುವ ಜನ ಬಂದಾಗ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಕತ್ತಲ ದೃಶ್ಯವನ್ನಂತೂ ಕೇಳಲೇಬೇಡಿ. ಸಂಜೆ ಆಕಾಶದ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪಿಎಸ್‌ಎನ್‌ಆರ್ (ಮೂಲ ಚಿತ್ರಕ್ಕೆ ಎಷ್ಟು ಹತ್ತಿರ ಇದೆ ಎಂದು ಲೆಕ್ಕ ಹಾಕುವ ಅಳತೆ) ಅಂಕ ಚೆನ್ನಾಗಿದ್ದರೂ ಕಣ್ಣಿಗೆ ಹಿಡಿಸುವುದಿಲ್ಲ.

ಇಷ್ಟೆಲ್ಲ ಮಾಡಿ ವಿಡಿಯೊ ತಾಣಕ್ಕೆ ಅಪ್‌ಲೋಡ್ ಮಾಡಿದರೆ, ಆ ತಾಣದವರು ಮತ್ತೊಮ್ಮೆ ಎನ್‌ಕೋಡ್ ಮಾಡುತ್ತಾರೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಆಕಾಶ ಮತ್ತೆ ಮೆಟ್ಟಿಲಾಗುತ್ತದೆ. ಹೊಟ್ಟೆ ಉರಿಯುತ್ತದೆ.