ಯು ಬಿಟ್ಟು ಬಂದ ಕ್ಯೂ

ಕ್ಯೂ (Q) ಅಕ್ಷರ ಇದ್ದರೂ ಪಕ್ಕದಲ್ಲಿ ಯು (U) ಇಲ್ಲದ ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟಿದ್ದೀರಿ, ಚೆನ್ನಾಗಿದೆ, ಆದರೆ 'ಕನಾತ್' (qanat) ಬಿಟ್ಟೇಬಿಟ್ಟಿದ್ದೀರಲ್ಲ! ಇರಾನ್ ಕಡೆಯ ನೆಲದಡಿಯ ನೀರಿನ ಸುರಂಗ ಅದು, ಪಂಪು ಗಿಂಪು ಏನೂ ಬೇಡ, ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದು ಬರುತ್ತದೆ, ನಡುನಡುವೆ ಬಾವಿಯಂಥ ಕಿಂಡಿಗಳು. ನಮ್ಮ ಬೀದರಿನ ನೌಬಾದ್‌ನಲ್ಲೂ ಬಹಮನಿ ಕಾಲದ್ದೊಂದು ಇದೆ, ಕರೇಜ್ ಅನ್ನುತ್ತಾರೆ. ಇಂಥ ಪದಗಳಲ್ಲಿ ಜಾಸ್ತಿ ಅರಬ್ಬಿಯಿಂದ ಬಂದವು. ಅಲ್ಲಿನ ಗಂಟಲಾಳದ 'ಕ'ಕಾರಕ್ಕೆ ಇಂಗ್ಲಿಷಿನಲ್ಲಿ ಕ್ಯೂ ಬರೆದರು, ಅಷ್ಟೇ. ಯೆಮೆನ್‌ನಲ್ಲಿ ಜಗಿಯುವ ಎಲೆ 'ಕಾತ್' (qat) ಕೂಡ ಹಾಗೇ. ಚೀನಾದ 'ಚೀ' (qi) ಮಾತ್ರ ಬೇರೆ ಕಥೆ. ಪ್ರಾಣಶಕ್ತಿ ಅಂತ ಅರ್ಥ, ಅಕ್ಷರ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಎರಡೇ ಅಕ್ಷರಕ್ಕೆ 11 ಅಂಕ. ನನ್ನ ತಂಗಿ ಅದನ್ನು ಇಟ್ಟಾಗಲೆಲ್ಲ ನಮ್ಮ ಮನೆಯಲ್ಲಿ ಜಗಳ ಗ್ಯಾರಂಟಿ.