ಸೈಕಲ್ಲಿಗೆ ಹಿಂದಿನ ಗೇಟು

"ಸರ್, ಸೈಕಲ್ ಎಲ್ಲಾ ಹಿಂದಿನ ಗೇಟು."

ಬೆಂಗಳೂರಿನ ನಮ್ಮ ಆಫೀಸಿನ ಸೆಕ್ಯುರಿಟಿಯವರು ಹೀಗೆ ಹೇಳಿದಾಗ ನನಗೆ ಮೊದಲು ತಲೆಗೇ ಹೋಗಲಿಲ್ಲ. ರಜೆಗೆ ಬಂದವನು ಒಂದೆರಡು ವಾರ ಇಲ್ಲಿಂದಲೇ ಕೆಲಸ ಮಾಡೋಣ ಅಂತ ಚಿಕ್ಕಪ್ಪನ ಮಗನ ಸೈಕಲ್ ತಗೊಂಡು ಹೊರಟಿದ್ದೆ. ಕೊರಳಲ್ಲಿ ಐಡಿ ಕಾರ್ಡ್ ಇತ್ತು. ಅವರು ಕಾರ್ಡ್ ನೋಡಿದರು, ನನ್ನ ಮುಖ ನೋಡಿದರು, ಸೈಕಲ್ ನೋಡಿದರು, ಮತ್ತೆ ಕಾರ್ಡ್ ನೋಡಿದರು. ಅಷ್ಟರಲ್ಲಿ ಹಿಂದೆ ಬಂದ ಕಾರಿಗೆ ಗೇಟು ಎದ್ದಿತು. ಒಳಗಿದ್ದವರ ಕಾರ್ಡ್ ಯಾರೂ ಕೇಳಲಿಲ್ಲ. ಹಿಂದಿನ ಗೇಟು ಅಂದರೆ ಇಡೀ ಕಾಂಪೌಂಡ್ ಸುತ್ತಿ ಹೋಗಬೇಕು, ನೀರಿನ ಟ್ಯಾಂಕರ್, ಕ್ಯಾಂಟೀನಿನ ತರಕಾರಿ ಗಾಡಿ, ಹೌಸ್‌ಕೀಪಿಂಗ್‌ನವರು ಬರುವ ದಾರಿ. ಅಲ್ಲಿ ಜನರೇಟರ್ ಪಕ್ಕ ಒಂದು ಕಂಬ. ಅದಕ್ಕೇ ಬೀಗ ಹಾಕಿದೆ. ಆ ಗೇಟಿನ ಸೆಕ್ಯುರಿಟಿಯವರು ಮಾತ್ರ "ನೀವು ಹೋಗಿ ಸರ್, ನಾನು ನೋಡ್ಕೊಳ್ತೀನಿ, ನಂದೂ ಸೈಕಲ್ಲೇ" ಅಂದರು.

ಸಂಜೆ ಮನೆಗೆ ಬಂದು ಇದನ್ನ ಹೇಳಿದರೆ ಚಿಕ್ಕಮ್ಮ ಮುಂದಿನ ಗೇಟಿನವರ ಪಕ್ಷ. "ಮತ್ತಿನ್ನೇನು? ಮನೇಲಿ ಕಾರಿದೆ, ಸ್ಕೂಟರ್ ಇದೆ. ಫಾರಿನ್ನಿಂದ ಬಂದೋನು ಸೈಕಲ್ ತುಳ್ಕೊಂಡು ಹೋದ್ರೆ ನೋಡ್ದೋರು ಏನಂದ್ಕೋಬೇಕು?"

ನಾನು ಇರುವುದು ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ. ಅಲ್ಲಿ ನೋಡಿದವರು ಏನೂ ಅಂದುಕೊಳ್ಳುವುದಿಲ್ಲ, ಯಾಕಂದರೆ ನೋಡುವುದೇ ಇಲ್ಲ. ಸುಮಾರು 1.8 ಕೋಟಿ ಜನ ಇರುವ ದೇಶ, ಸೈಕಲ್ಲು 2.3 ಕೋಟಿಗೂ ಜಾಸ್ತಿ. ನಮ್ಮ ವಿಭಾಗದ ದೊಡ್ಡ ಬಾಸ್ ಸೂಟು ಹಾಕಿಕೊಂಡು, ಚೈನ್ ಕವರ್ ಕಿತ್ತು ಕಟಕಟ ಸದ್ದು ಮಾಡುವ ಒಂದು ಹಳೇ ಸೈಕಲ್ಲಿನಲ್ಲಿ ಬರುತ್ತಾರೆ. ಆ ಸೈಕಲ್ಲಿಗಿಂತ ಅದರ ಬೀಗಕ್ಕೆ ಜಾಸ್ತಿ ದುಡ್ಡಾಗಿದೆ ಅಂತ ಅವರೇ ನಗುತ್ತಾರೆ. ಬಸುರಿ ಹೆಂಗಸರು ತುಳಿಯುತ್ತಾರೆ, ಎಂಬತ್ತು ದಾಟಿದ ಅಜ್ಜಂದಿರು ತುಳಿಯುತ್ತಾರೆ, ಮುಂದೆ ಮರದ ಪೆಟ್ಟಿಗೆ ಇರುವ ಗಾಡಿಯಲ್ಲಿ ಎರಡು ಮಕ್ಕಳನ್ನೂ ಒಂದು ನಾಯಿಯನ್ನೂ ಕೂರಿಸಿಕೊಂಡು ಅಮ್ಮಂದಿರು ಶಾಲೆಗೆ ಬಿಟ್ಟು ಹಾಗೇ ಆಫೀಸಿಗೆ ಹೋಗುತ್ತಾರೆ. 2010ರಿಂದ 2024ರವರೆಗೆ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆ ಕೆಲಸಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಅಧಿಕಾರ ಬಿಟ್ಟುಕೊಟ್ಟ ದಿನವೂ ಸೈಕಲ್ ಹತ್ತಿಯೇ ಹೊರಟರು. ಆ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಕಳಿಸಿದವರು ಯಾರು ಅಂದುಕೊಂಡಿರಿ? ಚಿಕ್ಕಮ್ಮನೇ. ಜೊತೆಗೆ ಮೂರು ಕೈಮುಗಿಯುವ ಗುರುತು ಬೇರೆ.

ಅಲ್ಲಿಗೆ ನನ್ನ ತಕರಾರು ಏನು ಅಂತ ಗೊತ್ತಾಯಿತಲ್ವಾ? ಬೇರೆ ದೇಶದ ಪ್ರಧಾನಿ ತುಳಿದರೆ ಸರಳತೆ. ನಮ್ಮನೆ ಹುಡುಗ ತುಳಿದರೆ ಮರ್ಯಾದೆ ಪ್ರಶ್ನೆ.

ರಸ್ತೆ ಸರಿ ಇಲ್ಲ, ಟ್ರಾಫಿಕ್ಕು, ಹೊಗೆ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಾ ನಿಜ. ಆದರೆ ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರು ಇಲ್ಲವೇ? ಬೆಳಿಗ್ಗೆ ಐದೂವರೆಗೆ ಎದ್ದು ನೋಡಿ. ಪೇಪರ್ ಹಾಕುವ ಹುಡುಗರು, ಹಾಲಿನವರು, ಅಪಾರ್ಟ್‌ಮೆಂಟಿನ ನೈಟ್ ಶಿಫ್ಟ್ ಮುಗಿಸಿದ ವಾಚ್‌ಮನ್‌ಗಳು, ಕಟ್ಟಡದ ಕೆಲಸದವರು, ಹ್ಯಾಂಡಲ್ಲಿಗೆ ಊಟದ ಬ್ಯಾಗ್ ನೇತುಹಾಕಿಕೊಂಡು ಹೋಗುತ್ತಿರುತ್ತಾರೆ. ಇವರನ್ನು ನಾವು ಸೈಕ್ಲಿಸ್ಟ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಸೈಕ್ಲಿಸ್ಟ್ ಅಂದರೆ ಭಾನುವಾರ ಲಕ್ಷ ರೂಪಾಯಿ ಸೈಕಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗಿ ನಂದಿ ಬೆಟ್ಟ ಹತ್ತಿ ಇಳಿದು, ಮಸಾಲೆ ದೋಸೆ ತಿಂದು ಫೋಟೋ ಹಾಕುವವರು. (ನನ್ನ ಸ್ನೇಹಿತರೂ ಇದ್ದಾರೆ ಅದರಲ್ಲಿ, ಬೈಯುತ್ತಾರೆ, ಬೈಯಲಿ.) ಸೋಮವಾರ ಅದೇ ಜನ ನಾಲ್ಕು ಕಿಲೋಮೀಟರ್ ದೂರದ ಆಫೀಸಿಗೆ ಕಾರಿನಲ್ಲಿ ಒಬ್ಬೊಬ್ಬರೇ ಕೂತು ಮುಕ್ಕಾಲು ಗಂಟೆ ತೆವಳುತ್ತಾರೆ. ಗತಿ ಇಲ್ಲದವರ ಸೈಕಲ್ಲು ಒಂದು, ಶೋಕಿಯವರ ಸೈಕಲ್ಲು ಇನ್ನೊಂದು. ಸುಮ್ನೆ ಕೆಲಸಕ್ಕೆ ಹೋಗಿ ಬರುವ ಸೈಕಲ್ಲು ನಡುವಿನಲ್ಲಿ ಎಲ್ಲೂ ಇಲ್ಲ.

ಉಟ್ರೆಕ್ಟ್ ರೈಲ್ವೆ ಸ್ಟೇಷನ್ನಿನ ಕೆಳಗೆ ಒಂದು ಸೈಕಲ್ ಸ್ಟ್ಯಾಂಡ್ ಇದೆ. 12,500 ಸೈಕಲ್ ಹಿಡಿಯುತ್ತದೆ, 2019ರಲ್ಲಿ ಪೂರ್ತಿ ತೆರೆಯಿತು. ಮೂರು ಅಂತಸ್ತು. ತುಳಿದುಕೊಂಡೇ ಒಳಗೆ ಹೋಗಬಹುದು, ಇಳಿಯಬೇಕಾಗಿಲ್ಲ. ಬಾಗಿಲಲ್ಲಿ ಕಾರ್ಡ್ ತೋರಿಸಿದರೆ ಪೀಂ ಅನ್ನುತ್ತದೆ, ಮೊದಲ 24 ಗಂಟೆ ಪುಕ್ಕಟೆ. ಪ್ರತಿ ಸಾಲಿನ ತುದಿಯಲ್ಲಿ ಎಷ್ಟು ಜಾಗ ಖಾಲಿ ಇದೆ ಅಂತ ನಂಬರ್ ಮಿನುಗುತ್ತಿರುತ್ತದೆ. ಮೇಲಿನ ಅಟ್ಟಣಿಗೆಯ ಕಂಬಿ ಹಿಡಿದು ಎಳೆದರೆ ಕಿರ್ ಅಂತ ಇಳಿಯುತ್ತದೆ, ಅದರ ಮೇಲೆ ಗಾಲಿ ಏರಿಸಿ ಒಂದು ತಳ್ಳು ತಳ್ಳಿದರೆ ಸೈಕಲ್ ಮೇಲೆ ಹೋಗಿ ಕೂರುತ್ತದೆ. ಮೆಟ್ಟಿಲು ಹತ್ತಿದರೆ ಪ್ಲಾಟ್‌ಫಾರ್ಮು. ಒಂದು ಸರ್ಕಾರ, ಒಂದು ಊರು, ಸೈಕಲ್ಲಿಗೆ ಅಂತ ಇಷ್ಟು ದುಡ್ಡು ಸುರಿದು ಹೀಗೆ ಮನೆ ಕಟ್ಟಿಕೊಟ್ಟರೆ ತುಳಿಯುವವನಿಗೆ ತಾನು ಬಡವ ಅಂತ ಅನಿಸುವುದಾದರೂ ಹೇಗೆ?

ಸಿಗ್ನಲ್ಲಿನಲ್ಲಿ ನಿಂತರೆ ಸೈಕಲ್ಲಿನವರಿಗೇ ಬೇರೆ ದೀಪ. ಎಷ್ಟೋ ಕಡೆ ಅದರ ಪಕ್ಕ ಬಿಳಿ ಚುಕ್ಕಿಗಳ ಒಂದು ವೃತ್ತ ಇರುತ್ತದೆ, ಚುಕ್ಕಿ ಒಂದೊಂದಾಗಿ ಆರುತ್ತಾ ಬಂದು ಪೂರ್ತಿ ಆರಿದಾಗ ಹಸಿರು. ಗ್ರೋನಿಂಗನ್, ರಾಟರ್‌ಡಾಮ್ ಊರುಗಳಲ್ಲಿ ಕೆಲವು ಸಿಗ್ನಲ್ಲುಗಳಿಗೆ ಮಳೆ ಬಂದದ್ದು ಗೊತ್ತಾಗುತ್ತದೆ, ಆಗ ಸೈಕಲ್ಲಿಗೆ ಬೇಗ ಹಸಿರು ಕೊಡುತ್ತವೆ, ಪಾಪ ನೆನೆಯಬಾರದು ಅಂತ. ಕೆಲವು ಬೀದಿಗಳು ಪೂರ್ತಿ ಕೆಂಪು ಟಾರು. ಅಲ್ಲಿ ಕಾರಿನವರು ಅತಿಥಿಗಳು ಅಂತಲೇ ಬೋರ್ಡ್ ಇರುತ್ತದೆ. ಕಾನೂನೂ ಹಾಗೇ. ಕಾರು ಬಂದು 14 ವರ್ಷದೊಳಗಿನ ಮಗುವಿನ ಸೈಕಲ್ಲಿಗೆ ಗುದ್ದಿದರೆ, ಮಗುವೇ ಅಡ್ಡ ಬಂದಿದ್ದರೂ ನಷ್ಟ ಪೂರ್ತಿ ಕಾರಿನ ಕಡೆಯವರದೇ. ಕೆಲಸಕ್ಕೆ ಹೋಗಿ ಬರುವ ಖರ್ಚಿಗೆ ಕಂಪನಿ ಕೊಡುವ ಭತ್ಯಕ್ಕೆ ಕಿಲೋಮೀಟರಿಗೆ 0.23 ಯೂರೋ ತನಕ ತೆರಿಗೆ ಇಲ್ಲ, 2024ರಿಂದ ಅದು ರೇಟು. ಕಾರಾದರೂ ಅಷ್ಟೇ, ಸೈಕಲ್ಲಾದರೂ ಅಷ್ಟೇ.

ಇದೆಲ್ಲ ಅವರಿಗೆ ಹುಟ್ಟಿನಿಂದ ಬಂದದ್ದು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಬಂದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ದುಡ್ಡು ಬಂದಾಗ ಅವರೂ ಕಾರಿನ ಹಿಂದೆ ಬಿದ್ದವರೇ. 1971ರ ಒಂದೇ ವರ್ಷದಲ್ಲಿ ರಸ್ತೆಯಲ್ಲಿ 3,000ಕ್ಕಿಂತ ಜಾಸ್ತಿ ಜನ ಸತ್ತರು, ಅದರಲ್ಲಿ 400ಕ್ಕಿಂತ ಜಾಸ್ತಿ ಮಕ್ಕಳು. ಅಪ್ಪ ಅಮ್ಮಂದಿರು 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಬೀದಿಗೆ ಇಳಿದರು, ರಸ್ತೆಯಲ್ಲೇ ಕೂತರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಭಾನುವಾರ ಕಾರು ತೆಗೆಯುವ ಹಾಗೇ ಇರಲಿಲ್ಲ. ಖಾಲಿ ಹೈವೇ ಮೇಲೆ ಜನ ಸೈಕಲ್ ಹೊಡೆದರು. ನಮ್ಮ ಉಟ್ರೆಕ್ಟ್‌ನಲ್ಲಂತೂ ಊರ ನಡುವಿನ ಹಳೇ ಕಾಲುವೆಯ ನೀರು ತೆಗೆದು ಅಲ್ಲಿ ದೊಡ್ಡ ರಸ್ತೆ ಮಾಡಿದ್ದರು. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಬಂತಲ್ಲ, ಆ ಥರ. ಆದರೆ 2020ರಲ್ಲಿ ಆ ರಸ್ತೆ ಅಗೆದು ಮತ್ತೆ ನೀರು ಬಿಟ್ಟರು. ಈಗ ಅಲ್ಲಿ ದೋಣಿ ಓಡಾಡುತ್ತವೆ. ಅದೇ 2020ರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಗೂಟ ನೆಟ್ಟು ಸೈಕಲ್ ಲೇನ್ ಮಾಡಿದರು. ಬೈಕಿನವರು ನುಗ್ಗಿದರು, ಗೂಟ ಮುರಿದವು, ಮೆಟ್ರೋ ಕೆಲಸ ಬಂದು ಉಳಿದದ್ದೂ ಹೋಯಿತು. ಯಾರೂ ರಸ್ತೆಯಲ್ಲಿ ಕೂರಲಿಲ್ಲ. ಯಾಕೆ ಕೂರಬೇಕು? ಆ ಲೇನು ತಮ್ಮದು ಅಂತ ಅಲ್ಲಿ ಯಾರಿಗೆ ಅನಿಸಿತ್ತು?

ನೆದರ್ಲೆಂಡ್ಸಿಗೆ ಬಂದರೂ ನಮ್ಮವರಿಗೆ ಈ ಕಾರಿನ ರೋಗ ಬಿಡುವುದಿಲ್ಲ ಅನ್ನಿ. ರಾಜ್ಯೋತ್ಸವಕ್ಕೆ ಕನ್ನಡದವರು ಸೇರಿದಾಗ ಫಂಕ್ಷನ್ ಹಾಲ್ ಮುಂದೆ ಕಾರುಗಳ ಸಾಲು ನೋಡಬೇಕು. ಹೊಸದಾಗಿ ಬಂದವರನ್ನು ಮೊದಲು ಕೇಳುವುದು ಯಾವ ಊರು, ಎರಡನೆಯದು ಯಾವ ಕಾರು. "ಇನ್ನೂ ತಗೊಂಡಿಲ್ಲ, ಸೈಕಲ್ ಸಾಕು" ಅಂದರೆ "ಪರವಾಗಿಲ್ಲ ಬಿಡಿ, ಆಗುತ್ತೆ" ಅಂತ ಸಮಾಧಾನ ಹೇಳುತ್ತಾರೆ!

ಹಾಗಂತ ಇಲ್ಲಿ ಸ್ವರ್ಗ ಏನಲ್ಲ. ಹೇಳಲೇಬೇಕು, ಇಲ್ಲಾಂದ್ರೆ ಇಲ್ಲಿರುವವರು ನನ್ನ ಮೇಲೆ ಬೀಳುತ್ತಾರೆ. ನವೆಂಬರಿನ ಎದುರುಗಾಳಿಯಲ್ಲಿ ತುಳಿದವರಿಗೇ ಗೊತ್ತು ಅದರ ಕಷ್ಟ. ಎಷ್ಟು ತುಳಿದರೂ ಸೈಕಲ್ ನಿಂತಲ್ಲೇ ನಿಂತಿರುತ್ತದೆ, ಮಳೆ ಮೇಲಿಂದ ಬರುವುದಿಲ್ಲ, ಅಡ್ಡಡ್ಡ ಮುಖಕ್ಕೆ ಹೊಡೆಯುತ್ತದೆ. ಆಗ ನೆನಪಾಗುತ್ತದೆ, ವರ್ಷವಿಡೀ ಸೈಕಲ್ ತುಳಿಯಲಿ ಅಂತಲೇ ದೇವರು ಹವೆ ಕೊಟ್ಟ ಊರು ಬೆಂಗಳೂರು. ಇಲ್ಲಿ ಸೈಕಲ್ ಕಳ್ಳತನವೂ ವಿಪರೀತ. ದಪ್ಪ ಟೈರಿನ ಬ್ಯಾಟರಿ ಸೈಕಲ್ ಓಡಿಸುವ ಹುಡುಗರ ಕಾಟ ಬೇರೆ. ಪಂಚರ್ ಆದರಂತೂ ಮುಗಿಯಿತು. ಅಂಗಡಿಯವರು ಗುರುವಾರಕ್ಕೆ ಬನ್ನಿ ಅನ್ನುತ್ತಾರೆ, ಅದೂ ಮೊದಲೇ ಸಮಯ ಗೊತ್ತು ಮಾಡಿಕೊಂಡು. ನಮ್ಮ ಕಡೆ ಹಾಗಾ? ಯಾವ ರಸ್ತೆಯ ಯಾವ ಮೂಲೆಯಲ್ಲಿ ನಿಂತರೂ ಟೈರ್ ನೇತುಹಾಕಿದ ಒಂದು ಪಂಚರ್ ಅಂಗಡಿ ಕಾಣುತ್ತದೆ. ಟ್ಯೂಬ್ ಎಳೆದು, ಗಾಳಿ ಹೊಡೆದು, ಕಪ್ಪು ನೀರಿನ ಬಾಣಲೆಯಲ್ಲಿ ಮುಳುಗಿಸಿ ತಿರುಗಿಸುತ್ತಾ ಬರುತ್ತಾರೆ, ಗುಳ್ಳೆ ಎದ್ದ ಕಡೆ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಉಜ್ಜಿ, ಸಲ್ಯೂಷನ್ ಹಚ್ಚಿ, ಉಫ್ ಅಂತ ಊದಿ, ಪ್ಯಾಚ್ ಹಾಕಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಮಧ್ಯೆ ನಿಮ್ಮ ಊರು ಕೇರಿ ಎಲ್ಲಾ ವಿಚಾರಿಸಿಕೊಂಡಿರುತ್ತಾರೆ.

ಕರ್ನಾಟಕದವರು ಸೈಕಲ್ಲಿಗೆ ಏನೂ ಮಾಡಿಲ್ಲ ಅಂದರೂ ತಪ್ಪಾಗುತ್ತದೆ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದರು, ಹಳ್ಳಿಯ ಎಷ್ಟು ಹೆಣ್ಣುಮಕ್ಕಳು ಅದರಿಂದ ಹೈಸ್ಕೂಲು ಕಂಡರು. ಮೈಸೂರಿನಲ್ಲಿ 2017ರಿಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು. ಮತ್ತೆ ಈ ಉಟ್ರೆಕ್ಟ್ ಚಪ್ಪಟೆ ಊರು, ಸಣ್ಣ ಊರು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಗಂಟೆಯೊಳಗೆ ಮುಟ್ಟಬಹುದು. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಸೈಕಲ್ಲಿನಲ್ಲಿ ಹೋಗಿ ಅಂತ ಹೇಳಲು ನನಗೇನು ಹುಚ್ಚೇ?

ಚಿಕ್ಕಮ್ಮನ ಮಾತಿಗೂ ಒಂದು ಹಿನ್ನೆಲೆ ಇದೆ. ಚಿಕ್ಕಪ್ಪ ಜಾಲಹಳ್ಳಿಯ ಎಚ್‌ಎಂಟಿ ಫ್ಯಾಕ್ಟರಿಗೆ ವರ್ಷಗಟ್ಟಲೆ ಸೈಕಲ್ ತುಳಿದವರು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಸೈಕಲ್ಲುಗಳೇ ಹೊಳೆಯ ಹಾಗೆ ಹರಿದು ಬರುತ್ತಿದ್ದವಂತೆ. ಆಮೇಲೆ ಲೂನಾ ಬಂತು, ಅದನ್ನ ಮಾರಿ ಸ್ಕೂಟರ್, ಚೀಟಿ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ಮಾರುತಿ. ಒಂದೊಂದಕ್ಕೂ ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟವರು ಚಿಕ್ಕಮ್ಮನೇ. ಸೈಕಲ್ ಬಿಡುವುದಕ್ಕೆ ಅಷ್ಟು ಕಷ್ಟ ಪಟ್ಟವರ ಮುಂದೆ ನಾನು ಹೋಗಿ ಸೈಕಲ್ಲೇ ಚೆಂದ ಅಂದರೆ ಕೋಪ ಬರದೇ ಇರುತ್ತಾ? ನೆದರ್ಲೆಂಡ್ಸಿನವರು ಕಾರು ಕಂಡು ಸಾಕಾಗಿ ಸೈಕಲ್ಲಿಗೆ ಬಂದವರು. ನಮ್ಮವರಿಗೆ ಕಾರಿನ ಸೀಟಿನ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಲು ಇನ್ನೂ ಮನಸ್ಸು ಬಂದಿಲ್ಲ.

ಇದನ್ನೆಲ್ಲ ಬರೆದು ಹೆಂಡತಿಗೆ ಓದಿ ಹೇಳಿದೆ. ಮಗಳು ಇಲ್ಲಿ ಶಾಲೆಗೆ ಸೈಕಲ್ಲಿನಲ್ಲಿ ಒಬ್ಬಳೇ ಹೋಗುತ್ತಾಳೆ, ಹೆಲ್ಮೆಟ್ ಕೂಡ ಇಲ್ಲ, ಇಲ್ಲಿ ಯಾವ ಮಗುವೂ ಹಾಕುವುದು ಕಾಣೆ. "ಎಲ್ಲಾ ಸರಿ, ನಾಳೆ ನಾವು ವಾಪಸ್ ಬೆಂಗಳೂರಿಗೆ ಹೋದ್ರೆ ಇವಳನ್ನ ಸೈಕಲಲ್ಲಿ ಕಳಿಸ್ತೀರಾ?" ಅಂತ ಕೇಳಿದಳು.

ಇಲ್ಲ ಅಂದೆ. ಸ್ಕೂಲ್ ವ್ಯಾನಿಗೆ ಹೇಳೋಣ.