ಗಡಿಯಾರ ಬಿಚ್ಚುವವರ ಗಮನಕ್ಕೆ

ನಿಂತುಹೋದ ಗೋಡೆ ಗಡಿಯಾರವನ್ನು ರಿಪೇರಿಯವರು ಬಿಚ್ಚುತ್ತಾರೆ. ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚುವವರು ಕುತೂಹಲಿಗಳು ಮಾತ್ರ. ಅವರಿಗೆ ಕಾರಣ ಬೇಕಿಲ್ಲ, ಸ್ಕ್ರೂಡ್ರೈವರ್ ಸಾಕು.

ಕೀಲಿ ಕೊಡುವ ಗಡಿಯಾರವಾದರೆ ಮೊದಲು ಸ್ಪ್ರಿಂಗಿನ ಬಿಗಿ ಇಳಿಸಬೇಕು. ಕೀಲಿಯನ್ನು ಭದ್ರವಾಗಿ ಹಿಡಿದು, ಸುತ್ತುವ ದಿಕ್ಕಿಗೇ ಒಂದಿಷ್ಟು ತಿರುಗಿಸಿ, ಚಕ್ರ ಹಿಂದೆ ಸರಿಯದಂತೆ ತಡೆಯುವ ಪುಟ್ಟ ಕೊಕ್ಕೆಯನ್ನು ಎತ್ತಿ. ಅರ್ಧ ಸುತ್ತು ಹಿಂದಕ್ಕೆ ಬಿಟ್ಟು ಕೊಕ್ಕೆಯನ್ನು ಮತ್ತೆ ಕೂರಿಸಿ, ಹಿಡಿತ ಬದಲಿಸಿ. ಬಿಗಿ ಪೂರ್ತಿ ಇಳಿಯುವವರೆಗೂ ಇದೇ ಕೆಲಸ. ಗಂಟೆ ಹೊಡೆಯುವ ಗಡಿಯಾರದಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಎರಡಿರುತ್ತವೆ: ಮುಳ್ಳಿಗೊಂದು, ಗಂಟೆಗೊಂದು. ಒಂದನ್ನಷ್ಟೇ ಇಳಿಸಿ ಗೆದ್ದೆನೆಂದು, ಚಕ್ರಗಳನ್ನು ನಡುವೆ ಹಿಡಿದ ಎರಡು ತಗಡುಗಳ ನಟ್ಟು ಬಿಚ್ಚಿದವರಿಗೆ ಎರಡನೆಯದು ತಾನೇ ಪರಿಚಯ ಹೇಳಿಕೊಳ್ಳುತ್ತದೆ. ಚಕ್ರದ ಹಲ್ಲು ಮುರಿಯಬಹುದು, ಬೆರಳೂ ಸೀಳಬಹುದು.

ಬಿಚ್ಚುವುದಕ್ಕೆ ಧೈರ್ಯ ಸಾಕು, ಜೋಡಿಸುವುದಕ್ಕೆ ಫೋಟೊ ಬೇಕು. ಚಕ್ರಗಳ ಅಚ್ಚಿನ ತುದಿಗಳು ಸೂಜಿಯಷ್ಟು ಸಣ್ಣವು. ಎಲ್ಲವೂ ತಗಡಿನಲ್ಲಿರುವ ತಮ್ಮ ತೂತಿನಲ್ಲಿ ಕೂರುವ ಮೊದಲೇ ನಟ್ಟು ಬಿಗಿದರೆ ಒಂದಾದರೂ ಬಾಗುತ್ತದೆ. ಎಣ್ಣೆ ಈ ತೂತುಗಳಿಗೆ, ಅದೂ ಸೂಜಿಮೊನೆಯಲ್ಲಿ ನಿಲ್ಲುವಷ್ಟು. ಹಲ್ಲುಗಳಿಗೆ ಬೇಡ, ಧೂಳು ಕೂತು ಅರದಂತೆ ಉಜ್ಜುತ್ತದೆ. ಅಡುಗೆ ಎಣ್ಣೆಯಂತೂ ಕೆಲವು ತಿಂಗಳಲ್ಲಿ ಅಂಟಾಗುತ್ತದೆ. ಇಷ್ಟೆಲ್ಲ ಪಾಲಿಸಿದರೂ ಮೂರು ಗಂಟೆಗೆ ಎಂಟು ಬಾರಿ ಹೊಡೆಯುವ ಗಡಿಯಾರ ಸಿಕ್ಕೀತು. ಹಳೆಯ ಮಾದರಿಗಳಲ್ಲಿ ಎಷ್ಟು ಹೊಡೆಯಬೇಕೆಂದು ಹೇಳುವ ಎಣಿಕೆಯ ಚಕ್ರಕ್ಕೆ ಮುಳ್ಳು ಎಲ್ಲಿದೆಯೆಂಬ ಗೊಡವೆಯೇ ಇಲ್ಲ. ಕಳೆದ ಸಲ ಎಷ್ಟು ಹೊಡೆಯಿತೋ ಅದರ ಮುಂದಿನದು, ಅಷ್ಟೆ. ಗಂಟೆಯ ಸನ್ನೆಯನ್ನು ಬೆರಳಿನಿಂದ ಎತ್ತಿ ಎತ್ತಿ, ಲೆಕ್ಕ ಮುಳ್ಳಿಗೆ ಹೊಂದುವವರೆಗೂ ಹೊಡೆಸುತ್ತ ಹೋಗಬೇಕು. ಮಧ್ಯರಾತ್ರಿ ಈ ಕೆಲಸ ಮಾಡುವವರು ಮನೆಯವರ ಅಭಿಪ್ರಾಯ ಕೇಳದಿರುವುದು ಲೇಸು.

ಇನ್ನುಳಿದದ್ದು ಕಿವಿಯ ಕೆಲಸ. ಟಿಕ್ಕಿನಿಂದ ಟಾಕಿಗೆ, ಟಾಕಿನಿಂದ ಟಿಕ್ಕಿಗೆ ಅಂತರ ಒಂದೇ ಇರಬೇಕು. ಕುಂಟಿದರೆ ಗಡಿಯಾರ ಬೇಗ ನಿಲ್ಲುತ್ತದೆ. ತಾಳಜ್ಞಾನ ಇದ್ದವರು ಇದನ್ನು ಕಣ್ಣು ಮುಚ್ಚಿಯೇ ಹಿಡಿಯುತ್ತಾರೆ. ವೇಗ ಸರಿಮಾಡುವ ನಟ್ಟು ಲೋಲಕದ ಗುಂಡಿನ ಕೆಳಗಿದೆ. ಸುಮಾರು 25 ಸೆಂಟಿಮೀಟರ್ ಲೋಲಕದಲ್ಲಿ ಗುಂಡು ಒಂದು ಮಿಲಿಮೀಟರ್ ಇಳಿದರೆ ದಿನಕ್ಕೆ ಮೂರು ನಿಮಿಷದ ಹತ್ತಿರ ಹಿಂದೆ ಬೀಳುತ್ತದೆ. ಸೆಕೆಂಡಿಗೊಮ್ಮೆ ಟಿಕ್ ಎನ್ನುವ 99.4 ಸೆಂಟಿಮೀಟರಿನ ಲೋಲಕದಲ್ಲಿ ಅಷ್ಟೇ ಇಳಿತಕ್ಕೆ 43 ಸೆಕೆಂಡು ಮಾತ್ರ. ಲೋಲಕದ ಕಡ್ಡಿ ಉಕ್ಕಿನದಾದರೆ ಹತ್ತು ಡಿಗ್ರಿ ಸೆಕೆ ಹೆಚ್ಚಿದಾಗ ದಿನಕ್ಕೆ ಐದು ಸೆಕೆಂಡು ತಡ. ಬೇಸಗೆಯಲ್ಲಿ ಗಡಿಯಾರಕ್ಕೂ ಆಲಸ್ಯ.

ಇಲ್ಲಿಗೆ ಬಂದ ಕುತೂಹಲಿ ವಾಪಸು ಹೋಗುವುದಿಲ್ಲ. ಲೋಲಕ ಒಂದು ಸಲ ತೂಗುವ ಹೊತ್ತು ಎರಡರಷ್ಟಾಗಲು ಉದ್ದ ನಾಲ್ಕರಷ್ಟಾಗಬೇಕು. ಇದು ಗೆಲಿಲಿಯೊ ಹೇಳಿದ್ದು. ಅವನಪ್ಪ ವಿನ್ಸೆಂಜೊ, ಲ್ಯೂಟ್ ಎಂಬ ತಂತಿವಾದ್ಯದ ವಾದಕ. ತಂತಿಗೆ ತೂಕ ಕಟ್ಟಿ ಸ್ವರ ಒಂದು ಸ್ಥಾಯಿ ಮೇಲೇರಬೇಕಾದರೆ ತೂಕ ನಾಲ್ಕರಷ್ಟಾಗಬೇಕೆಂದು ತೋರಿಸಿದವನು. ಅಪ್ಪನ ತಂತಿ, ಮಗನ ಲೋಲಕ, ಇಬ್ಬರಿಗೂ ಅದೇ ವರ್ಗದ ಲೆಕ್ಕ! ಈ ಖುಷಿಯನ್ನು ಹಂಚಿಕೊಳ್ಳಲು ಹೋದರೆ ಮನೆಯಲ್ಲಿ ಬರುವ ಪ್ರಶ್ನೆ ಒಂದೇ: "ಈಗ ಗಂಟೆ ಎಷ್ಟು?"

ಲೋಲಕದ ಗಡಿಯಾರವನ್ನು 1656ರಲ್ಲಿ ರೂಪಿಸಿದ ಡಚ್ ವಿಜ್ಞಾನಿ ಹೈಗೆನ್ಸ್, 1665ರಲ್ಲಿ ಕಾಯಿಲೆಯಾಗಿ ಕೋಣೆಯಲ್ಲೇ ಇದ್ದಾಗ ಒಂದು ವಿಚಿತ್ರ ಕಂಡ. ಅಕ್ಕಪಕ್ಕದ ಎರಡು ಗಡಿಯಾರಗಳ ಲೋಲಕಗಳು ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ತಪ್ಪದೆ. ಬೇಕೆಂದೇ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹಾಗೆಯೇ. ಎರಡನ್ನೂ ಹೊತ್ತ ತೊಲೆಯ ಕಾಣದಷ್ಟು ಸಣ್ಣ ಅಲುಗಾಟವೇ ಇದಕ್ಕೆ ಕಾರಣ. ಮಾಡಿ ನೋಡುವವರಿಗೆ ಒಂದೇ ವೇಗದ ಎರಡು ಗಡಿಯಾರ, ಒಂದು ತೊಲೆ, ಅದನ್ನು ಹೊರಲು ಬೆನ್ನಿಗೆ ಬೆನ್ನು ಮಾಡಿದ ಎರಡು ಕುರ್ಚಿ ಬೇಕು. ಅತಿಥಿಗಳನ್ನು ಅಂದು ಕರೆಯಬೇಡಿ.